ಜೇಬಿನ ಸ್ಕ್ಯಾನರ್, ಎಂಟು ತಿಂಗಳಾದ್ಮೇಲೆ: ಐಸಿಯುನಲ್ಲಿ ಡಯಾಫ್ರಮ್ ನೋಡೋಕೆ ತಗೋಬಹುದಾ?

ತಗೊಂಡು ಎಂಟು ತಿಂಗಳಾಯ್ತು, ಈಗ ಬರೀತಿದ್ದೀನಿ. ಬಾಕ್ಸ್ ಬಿಚ್ಚಿದ ದಿನಾನೇ ಐದು ಸ್ಟಾರ್ ಕೊಟ್ಬಿಡೋ ಅಭ್ಯಾಸ ನಂಗಿಲ್ಲ, ಅದೂ ಅಲ್ದೆ ಕೊಡಗಲ್ಲಿ ಒಂದು ಮಳೆಗಾಲ ಕಳೀದೆ ಯಾವ ಕರೆಂಟಿನ ಸಾಮಾನಿಗೂ ಸರ್ಟಿಫಿಕೇಟ್ ಕೊಡ್ಬಾರ್ದು. ವಸ್ತು ಏನಂದ್ರೆ ಕೈಲಿ ಹಿಡಿಯೋ ವೈರ್‌ಲೆಸ್ ಅಲ್ಟ್ರಾಸೌಂಡ್ ಪ್ರೋಬ್, ಎರಡು ತಲೆಯದ್ದು, ಒಂದು ಕಡೆ ಲೀನಿಯರ್ (ಚಪ್ಪಟೆ ತಲೆ, ಚರ್ಮದ ಹತ್ತಿರದ್ದು ನೋಡೋಕೆ), ಇನ್ನೊಂದು ಕಡೆ ಕಾನ್ವೆಕ್ಸ್ (ಉಬ್ಬು ತಲೆ, ಆಳದ್ದು ನೋಡೋಕೆ), ಚಿತ್ರ ಟ್ಯಾಬ್ಲೆಟ್‌ನಲ್ಲಿ ಬರುತ್ತೆ. ನಾನು ಅರಿವಳಿಕೆ ಡಾಕ್ಟ್ರು, ಮಡಿಕೇರಿ ಕಡೆ ಆರು ಬೆಡ್ಡಿನ ಒಂದು ಐಸಿಯು ನೋಡ್ಕೊಳ್ತೀನಿ. ದೊಡ್ಡ ಸ್ಕ್ಯಾನಿಂಗ್ ಮೆಷಿನ್ ಕೆಳಗಿನ ಮಹಡೀಲಿದೆ, ರಾತ್ರಿ ಅದಕ್ಕೆ ಬೀಗ, ಹಗಲಲ್ಲಿ ಅದರ ಮುಂದೆ ಕ್ಯೂ. ವೆಂಟಿಲೇಟರ್ ಮೇಲಿರೋರನ್ನ ಅಲ್ಲಿಗೆ ಇಳಿಸೋ ಮಾತೇ ಇಲ್ಲ. ಹಾಗಾಗಿ ಇದನ್ನ ತಗೊಂಡಿದ್ದು. ಬ್ರ್ಯಾಂಡ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ವಾರಂಟಿ ಜಗಳ ಇನ್ನೂ ನಡೀತಾ ಇದೆ, ಅದು ಮುಗೀದೆ ಹೆಸರು ಎಳೆಯೋದು ಸರಿ ಕಾಣಲ್ಲ. ಈ ಥರದ ಪ್ರೋಬ್ ಈಗ ಹತ್ತಾರು ಕಂಪನಿದು ಬರ್ತವೆ, ಹೆಚ್ಚುಕಡಿಮೆ ಎಲ್ಲದರ ಗುಣಾನೂ ಒಂದೇ.

ಮೊದಲೇ ಒಂದು ಮಾತು, ಯಾರೂ ಹೇಳಲ್ಲ ಇದನ್ನ. ಆನ್‌ಲೈನಲ್ಲಿ ಫೋನ್ ಆರ್ಡರ್ ಮಾಡಿದ ಹಾಗೆ ಇದನ್ನ ತರಿಸ್ಕೊಳ್ಳೋಕಾಗಲ್ಲ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ, ಅಂದ್ರೆ ಭ್ರೂಣಲಿಂಗ ಪತ್ತೆ ತಡೆಯೋ ಕಾಯ್ದೆ, ಕೈಯಗಲದ ಪ್ರೋಬ್‌ಗೂ ಅನ್ವಯ ಆಗುತ್ತೆ, ನೀವು ಗಂಡಸರ ಪಕ್ಕೆಲುಬು ಮಾತ್ರ ನೋಡ್ತೀನಿ ಅಂದ್ರೂ ಸಹ. ಜಿಲ್ಲೆಯ ಸಕ್ಷಮ ಪ್ರಾಧಿಕಾರದಲ್ಲಿ ನೋಂದಣಿ ಆಗ್ಬೇಕು, ನೋಂದಣಿ ಆದ ಆಸ್ಪತ್ರೆ ಬಿಟ್ಟು ಹೊರಗೆ ಬ್ಯಾಗಲ್ಲಿ ಹಾಕ್ಕೊಂಡು ತಿರುಗೋ ಹಾಗಿಲ್ಲ. ನನ್ನ ಪರಿಚಯದೋರು ಒಬ್ರು 'ಹಂಗಾದ್ರೆ ವೀಕೆಂಡಲ್ಲಿ ತೋಟದ ಮನೆಗೆ ತನ್ನಿ ಡಾಕ್ಟ್ರೇ, ಅಪ್ಪಯ್ಯಂದು ಒಂದ್ಸಲ ನೋಡ್ಬಿಡಿ' ಅಂದ್ರು, ಆಗಲ್ಲ ಅಂದಿದ್ದಕ್ಕೆ ಮುಖ ಊದಿಸ್ಕೊಂಡ್ರು. ಕಾಗದಪತ್ರಕ್ಕೆ ನಮಗೆ ಹಿಡಿದಷ್ಟು ಟೈಮು ಪ್ರೋಬ್ ಬರೋಕೂ ಹಿಡೀಲಿಲ್ಲ.

ಇನ್ನು ಡಯಾಫ್ರಮ್ ಯಾಕೆ ನೋಡ್ಬೇಕು ಅಂತ. ಹೈಸ್ಕೂಲಲ್ಲಿ 'ವಪೆ' ಅಂತ ಓದಿದ್ವಲ್ಲ, ಎದೆಗೂ ಹೊಟ್ಟೆಗೂ ಮಧ್ಯ ಕೊಡೆ ಥರ ಇರೋ ಮಾಂಸಖಂಡ, ಅದೇ. ಸುಮ್ನೆ ಕೂತಾಗ ನಾವು ಎಳೆಯೋ ಉಸಿರಿನ ಮುಕ್ಕಾಲು ಪಾಲು ಕೆಲಸ ಅದೇ ಮಾಡೋದು. ವೆಂಟಿಲೇಟರ್ ಹಾಕಿದ ತಕ್ಷಣ ಅದಕ್ಕೆ ರಜೆ ಸಿಗುತ್ತೆ, ಕೈ ಮುರಿದು ಪ್ಲಾಸ್ಟರ್ ಹಾಕಿ ಬಿಚ್ಚಿದಾಗ ತೋಳು ಒಣಗಿದ ಬೆಂಡೆಕಾಯಿ ಆಗಿರುತ್ತಲ್ಲ, ಹಾಗೇ ಇದೂ ಸೊರಗುತ್ತೆ, ಆದ್ರೆ ತೋಳಿಗಿಂತ ಎಷ್ಟೋ ಬೇಗ. 2008ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಲೆವಿನ್ ತಂಡದ ಕೆಲಸ ಐಸಿಯುನಲ್ಲಿ ಇರೋರಿಗೆಲ್ಲ ಗೊತ್ತು: ಮೆದುಳು ಸತ್ತು ಅಂಗದಾನಕ್ಕೆ ಬಂದವರು 14 ಜನ, ವೆಂಟಿಲೇಟರ್ ಮೇಲೆ ಡಯಾಫ್ರಮ್ ಅಲ್ಲಾಡದೇ ಇದ್ದಿದ್ದು ಬರೀ 18ರಿಂದ 69 ಗಂಟೆ, ಅಷ್ಟಕ್ಕೇ ಮಾಂಸದ ಎಳೆಗಳು ಅರ್ಧಕ್ಕಿಂತ ಜಾಸ್ತಿ ತೆಳ್ಳಗಾಗಿದ್ವು. ಆಮೇಲೆ 2015ರಲ್ಲಿ ಕೆನಡಾದ ಗೋಲಿಘರ್ ತಂಡ ಅಲ್ಟ್ರಾಸೌಂಡ್‌ನಲ್ಲೇ ದಿನಾ ಅಳೆದು ನೋಡ್ತು, ಮೊದಲ ವಾರದಲ್ಲೇ 44% ರೋಗಿಗಳಲ್ಲಿ ದಪ್ಪ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಕಮ್ಮಿ ಆಗಿತ್ತು, ತಮಾಷೆ ಅಂದ್ರೆ 12% ಜನರಲ್ಲಿ ದಪ್ಪ ಜಾಸ್ತಿ ಆಗಿತ್ತು. ಅಂದ್ರೆ ಪೂರ್ತಿ ರಜೆ ಕೊಟ್ರೂ ಕಷ್ಟ, ವೆಂಟಿಲೇಟರಿಂದ ಸಾಕಷ್ಟು ಸಪೋರ್ಟ್ ಕೊಡದೆ ದುಡಿಸಿದ್ರೂ ಕಷ್ಟ. ನಮಗೆ ಕೊನೇಲಿ ಬೇಕಾಗಿರೋದು ಒಂದೇ ಪ್ರಶ್ನೆಗೆ ಉತ್ತರ, ಗಂಟಲಲ್ಲಿರೋ ವೆಂಟಿಲೇಟರ್ ಟ್ಯೂಬ್ ತೆಗೆದ್ರೆ ಈ ಮನುಷ್ಯ ಸ್ವಂತ ಉಸಿರಲ್ಲಿ ನಿಲ್ತಾನಾ ಇಲ್ವಾ. ಇಲ್ಲ ಅಂದ್ರೆ ಮೈಸೂರಿಗೆ ಕಳ್ಸೋ ವಿಚಾರ, 120 ಕಿಲೋಮೀಟರ್, ಅದೂ ರಸ್ತೆ ಸರಿ ಇದ್ರೆ.

ಈಗ ಪ್ರೋಬ್ ವಿಷಯಕ್ಕೆ ಬರೋಣ. ಲೀನಿಯರ್ ಕಡೆಯಿಂದ ನೋಡೋದು ಡಯಾಫ್ರಮ್ಮಿನ ದಪ್ಪ. ಬಲಗಡೆ, ಕಂಕುಳ ನೇರಕ್ಕೆ ಸ್ವಲ್ಪ ಮುಂದೆ, ಎಂಟರಿಂದ ಹತ್ತನೇ ಪಕ್ಕೆಲುಬಿನ ಸಂದಿಲಿ ಇಟ್ರೆ ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ಒಳಗೆ ಸಿಕ್ಬಿಡುತ್ತೆ: ಮೇಲೊಂದು ಬಿಳಿ ಗೆರೆ, ಕೆಳಗೊಂದು ಬಿಳಿ ಗೆರೆ, ಮಧ್ಯ ಕಪ್ಪು. ಮೇಲಿಂದು ಪ್ಲೂರಾ (ಎದೆಯ ಒಳಪೊರೆ), ಕೆಳಗಿಂದು ಪೆರಿಟೋನಿಯಂ (ಹೊಟ್ಟೆಯ ಒಳಪೊರೆ), ಮಧ್ಯದ ಕಪ್ಪೇ ಮಾಂಸ. ಟ್ರೇನಿಂಗಲ್ಲಿ ಇದನ್ನ ರೈಲು ಹಳಿ ಥರ ಅಂತ ಹೇಳ್ಕೊಡ್ತಾರೆ, ನಾನೂ ನಮ್ಮ ಸಿಸ್ಟರ್ ಒಬ್ಬರಿಗೆ ಹಾಗೇ ಹೇಳ್ದೆ, ಅವ್ರು ನಾಪೋಕ್ಲು ಕಡೆಯೋರು, 'ಸಾರ್ ಕೊಡಗಲ್ಲಿ ಎಲ್ಲಿದೆ ರೈಲು, ಇದು ಎರಡು ಬದು ಮಧ್ಯ ಗದ್ದೆ ಇದ್ದ ಹಾಗಿದೆ' ಅಂದ್ರು. ಅವತ್ತಿಂದ ನಮ್ಮ ಐಸಿಯುನಲ್ಲಿ ಅದೇ ಭಾಷೆ. 'ಗದ್ದೆ ಸಿಕ್ತಾ?' 'ಸಿಕ್ತು ಸಾರ್, ಸ್ವಲ್ಪ ಕಿರಿದಾಗಿದೆ.' ಉಸಿರು ಎಳ್ಕೊಂಡಾಗ ಗದ್ದೆ ಅಗಲ ಆಗ್ಬೇಕು, ಬಿಟ್ಟಾಗ ಕಿರಿದಾಗ್ಬೇಕು. ಆಗಲಿಲ್ಲ ಅಂದ್ರೆ ಮಾಂಸ ಕೆಲಸ ಮಾಡ್ತಿಲ್ಲ ಅಂತ ಅರ್ಥ. ಉಸಿರು ಎಳ್ದಾಗ ಶ್ವಾಸಕೋಶ ಮೇಲಿಂದ ಪರದೆ ಇಳಿದ ಹಾಗೆ ಬಂದು ಗದ್ದೇನ ಮುಚ್ಚಿಬಿಟ್ರೆ ಒಂದು ಸಂದಿ ಕೆಳಗೆ ಇಳೀಬೇಕು, ಅಷ್ಟೇ. ಚಿತ್ರದ ಕ್ವಾಲಿಟಿಗೆ ಒಳ್ಳೇ ಮಾರ್ಕ್ಸ್ ಕೊಡ್ತೀನಿ, ಸಣಕಲು ಜನರಲ್ಲಿ ಕೆಳಗಿನ ದೊಡ್ಡ ಮೆಷಿನ್‌ಗೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ದಪ್ಪ ಇರೋರಲ್ಲಿ ಗೆರೆಗಳು ಮಸುಕಾಗ್ತವೆ. ಎಡಗಡೆ ಮಾತ್ರ ಹೊಟ್ಟೆಯ ಗ್ಯಾಸು ಅಡ್ಡ ಬಂದು ಅರ್ಧ ಸಲ ಏನೂ ಕಾಣಲ್ಲ, ಆದ್ರೆ ಅದು ಪ್ರೋಬಿನ ತಪ್ಪಲ್ಲ, ಎಲ್ಲಾ ಮೆಷಿನ್ನಲ್ಲೂ ಅದೇ ಪಾಡು.

ನನ್ನ ದೊಡ್ಡ ತಕರಾರು ಇರೋದು ನಂಬರಿನ ಮೇಲೆ. ಕಂಪನಿಯೋನು ಡೆಮೋ ಕೊಡೋಕೆ ಬಂದಾಗ ಎರಡು ಚುಕ್ಕಿ ಇಟ್ಟ, ಟ್ಯಾಬ್ಲೆಟ್ ತಾನೇ 'ಥಿಕನಿಂಗ್ ಫ್ರಾಕ್ಷನ್ ಇಷ್ಟು ಪರ್ಸೆಂಟ್' ಅಂತ ಹಸಿರು ಬಣ್ಣದಲ್ಲಿ ತೋರಿಸ್ತು, ಎಲ್ರೂ ವಾಹ್ ಅಂದ್ವಿ. ಲೆಕ್ಕ ಸುಲಭ: ಎಳ್ಕೊಂಡಾಗಿನ ದಪ್ಪದಿಂದ ಬಿಟ್ಟಾಗಿನ ದಪ್ಪ ಕಳೆದು, ಬಿಟ್ಟಾಗಿನ ದಪ್ಪದಿಂದ ಭಾಗಿಸಿ ನೂರರಿಂದ ಗುಣಿಸೋದು. 20%ಕ್ಕಿಂತ ಕಮ್ಮಿ ಅಂದ್ರೆ ಡಯಾಫ್ರಮ್ ಸೋತಿದೆ ಅಂತಾರೆ, 30% ದಾಟಿದ್ರೆ ಟ್ಯೂಬ್ ತೆಗೆಯೋಕೆ ಒಳ್ಳೇ ಲಕ್ಷಣ ಅಂತ 2014ರಿಂದ ಪೇಪರ್‌ಗಳು ಹೇಳ್ತಾ ಬಂದಿವೆ. ಸರಿ. ಈಗ ಇದು ನೋಡಿ. ಒಬ್ಬ ರೋಗೀಲಿ ನಾನು ಅಳೆದಾಗ ಬಿಟ್ಟಾಗ 1.9 ಮಿ.ಮೀ., ಎಳ್ಕೊಂಡಾಗ 2.3, ಅಂದ್ರೆ 21%. ಅದೇ ಸೇವ್ ಮಾಡಿದ ಕ್ಲಿಪ್ ಮೇಲೆ ನನ್ನ ಜೂನಿಯರ್ ಚುಕ್ಕಿ ಇಟ್ಟ, 1.8 ಮತ್ತು 2.4, 33%! ಕಾಫಿ ಕುಡ್ಕೊಂಡು ಬಂದು ನಾನೇ ಇನ್ನೊಂದ್ಸಲ ಇಟ್ಟೆ, 2.0 ಮತ್ತು 2.2, ಹತ್ತು ಪರ್ಸೆಂಟ್. ಒಂದೇ ಮನುಷ್ಯ, ಒಂದೇ ಉಸಿರು, ಒಬ್ರ ಲೆಕ್ಕದಲ್ಲಿ ಪಾಸು, ಒಬ್ರ ಲೆಕ್ಕದಲ್ಲಿ ಬಾರ್ಡರು, ಇನ್ನೊಂದ್ಸಲ ನೋಡಿದ್ರೆ ಫೇಲು. ಚುಕ್ಕಿ ಜರುಗಿದ್ದು ಎಷ್ಟು ಅಂತೀರಾ, ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ. ಎರಡು ಮಿಲಿಮೀಟರ್ ವಸ್ತೂನ ಬೆರಳ ತುದಿಯಿಂದ ಟ್ಯಾಬ್ಲೆಟ್ ಮೇಲೆ ಅಳೀತಿದ್ದೀವಿ ಸ್ವಾಮಿ, ಅದೂ ಜೆಲ್ ಮೆತ್ತಿದ ಗ್ಲೌಸ್ ಹಾಕ್ಕೊಂಡು. ಆ ಹಸಿರು ಅಕ್ಷರಕ್ಕೆ ಅಷ್ಟು ಧೈರ್ಯ ಎಲ್ಲಿಂದ ಬಂತೋ ನಂಗೊತ್ತಿಲ್ಲ.

ಅದಕ್ಕೆ ನಾವು ಮಾಡ್ಕೊಂಡಿರೋ ವ್ಯವಸ್ಥೆ ಹೇಳ್ತೀನಿ. ಮೊದಲ ದಿನ ಪ್ರೋಬ್ ಇಟ್ಟ ಜಾಗಕ್ಕೆ ಮಾರ್ಕರ್ ಪೆನ್ನಲ್ಲಿ ಗೀಟು ಹಾಕ್ತೀವಿ, ಮೈ ಒರೆಸೋ ಸಿಸ್ಟರ್‌ಗೆ ಅಳಿಸ್ಬೇಡಿ ಅಂತ ಫೈಲಲ್ಲೇ ಬರೆದಿರುತ್ತೆ. ಆಳ ನಾಲ್ಕು ಸೆಂಟಿಮೀಟರ್‌ಗೆ ಇಳಿಸಿ ಚಿತ್ರ ದೊಡ್ಡದು ಮಾಡ್ಕೊಂಡು, ಬಿಳಿ ಗೆರೆ ಸೇರಿಸದೆ ಒಳಗಿನ ಕಪ್ಪು ಮಾತ್ರ ಅಳೆಯೋದು, ಕಮ್ಮಿ ಅಂದ್ರೂ ಮೂರು ಉಸಿರಿನ ಸರಾಸರಿ, ಅಳೆಯೋದು ಒಬ್ಬರೇ, ಸಪೋರ್ಟ್ ಸೆಟ್ಟಿಂಗ್ ಎಷ್ಟಿತ್ತು ಅನ್ನೋದನ್ನ ಪಕ್ಕದಲ್ಲೇ ಬರಿಯೋದು. ಆಮೇಲೆ ಇವತ್ತಿನ ನಂಬರ್‌ನ ಪುಸ್ತಕದ ನಂಬರ್ ಜೊತೆ ಹೋಲಿಸೋಕಿಂತ ಜಾಸ್ತಿ ಆ ರೋಗೀದೇ ನಿನ್ನೆ ನಂಬರ್ ಜೊತೆ ಹೋಲಿಸ್ತೀವಿ. ಹೀಗೆ ಮಾಡೋಕೆ ಶುರು ಮಾಡಿದ್ಮೇಲೆ ಈ ಪ್ರೋಬ್ ಮೇಲೆ ನಂಗೆ ನಂಬಿಕೆ ಬಂದಿದ್ದು, ಅದಕ್ಕೆ ಮುಂಚೆ ವಾಪಸ್ ಕಳ್ಸೋ ಯೋಚನೇಲಿದ್ದೆ.

ಈಗ ನನ್ನ ಮರ್ಯಾದೆ ಹೋದ ಕಥೆ. ಕಾನ್ವೆಕ್ಸ್ ಕಡೆಯಿಂದ ಡಯಾಫ್ರಮ್ ಎಷ್ಟು ದೂರ ಇಳಿಯುತ್ತೆ ಅಂತ ನೋಡಬಹುದು, ಬಲಗಡೆ ಪಕ್ಕೆಲುಬಿನ ಕೆಳಗಿಂದ ಲಿವರ್ ಮೂಲಕ ಮೇಲ್ಮುಖವಾಗಿ ಇಟ್ಟು ಎಂ-ಮೋಡ್ (ಒಂದೇ ಗೆರೆಯ ಅಲುಗಾಟನ ಸಮಯದ ಜೊತೆ ಬರೆಯೋದು) ಹಾಕಿದ್ರೆ ಬೆಟ್ಟದ ಸಾಲಿನ ಥರ ಅಲೆ ಬರುತ್ತೆ, ಆ ಬೆಟ್ಟದ ಎತ್ತರಾನೇ ಅಳತೆ. ಆರೋಗ್ಯವಂತರಲ್ಲಿ ಸುಮ್ನೆ ಉಸಿರಾಡುವಾಗ ಗಂಡಸರಿಗೆ ಸುಮಾರು 1.8 ಸೆಂ.ಮೀ., ಹೆಂಗಸರಿಗೆ 1.6 (2009ರಲ್ಲಿ ಫ್ರಾನ್ಸಿನ ಬುಸ್ಸೂಜ್ ತಂಡ 210 ಜನರಲ್ಲಿ ಅಳೆದಿದ್ದು), ಒಂದು ಸೆಂಟಿಮೀಟರ್‌ಗಿಂತ ಕಮ್ಮಿ ಇದ್ರೆ ಅನುಮಾನ ಪಡ್ಬೇಕು. ಇದು ಅಳೆಯೋಕೆ ತುಂಬ ಸುಲಭ, ಮಿಲಿಮೀಟರ್ ಪೇಚಾಟ ಇಲ್ಲ, ಆದ್ರೆ ಆ ಸುಲಭಾನೇ ನನ್ನ ತಲೆ ಕೆಡಿಸಿದ್ದು. ಎಪ್ಪತ್ತು ದಾಟಿದ ಒಬ್ಬರು ಅಜ್ಜ, ಜೀವಮಾನ ಪೂರ್ತಿ ಬೀಡಿ, ಜೊತೆಗೆ ಒಲೆ ಹೊಗೆ, ಸಿಒಪಿಡಿ (ಹೊಗೆಯಿಂದ ಬರೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಜಾಸ್ತಿಯಾಗಿ ಟ್ಯೂಬ್ ಹಾಕಿ ಐದನೇ ದಿನ. ಬೆಳಿಗ್ಗೆ ರೌಂಡ್ಸಲ್ಲಿ ಇಟ್ಟೆ, 1.9 ಸೆಂಟಿಮೀಟರ್, ಚೆಂದದ ಬೆಟ್ಟಗಳು. ಮಗನನ್ನ ಕರ್ದು ಟ್ಯಾಬ್ಲೆಟ್ ತೋರಿಸಿ 'ನೋಡಿ, ಎಷ್ಟು ಚೆನ್ನಾಗಿ ಇಳೀತಿದೆ' ಅಂತ ಬೇರೆ ಹೇಳ್ದೆ. ಟ್ಯೂಬ್ ತೆಗೆದ್ವಿ. ಸಂಜೆ ಆರಕ್ಕೆ ಕತ್ತಿನ ನರಗಳೆಲ್ಲ ಎದ್ದು ಏದುಸಿರು, ಮಾಸ್ಕ್ ವೆಂಟಿಲೇಶನ್ ಹಾಕಿದ್ರೂ ತಡೀಲಿಲ್ಲ, ರಾತ್ರಿ ಎಂಟೂವರೆಗೆ ಮತ್ತೆ ಟ್ಯೂಬ್. ಮಗ ಬಾಗಿಲ ಹತ್ರ ನಿಂತು ಕೇಳಿದ್ದು ಇಷ್ಟೇ, 'ಬೆಳಿಗ್ಗೆ ಚೆನ್ನಾಗಿದೆ ಅಂದ್ರಲ್ಲ ಡಾಕ್ಟ್ರೇ.'

ಆಗಿದ್ದೇನಂದ್ರೆ ನಾನು ಅಳೆದಾಗ ವೆಂಟಿಲೇಟರ್ 12ರ ಪ್ರೆಶರ್ ಸಪೋರ್ಟ್, ಅಂದ್ರೆ ಪ್ರತಿ ಉಸಿರಿಗೂ ಗಾಳಿ ತಳ್ಳಿ ಸಹಾಯ, ಕೊಡ್ತಾ ಇತ್ತು. ಡಯಾಫ್ರಮ್ ಇಳೀತಿದ್ದಿದ್ದು ನಿಜ, ಆದ್ರೆ ಇಳಿಸ್ತಿದ್ದಿದ್ದು ಅಜ್ಜನೋ ಮೆಷಿನ್ನೋ? ಗಾಳಿ ಒಳಗೆ ತಳ್ಳಿದ್ರೆ ಸತ್ತ ಡಯಾಫ್ರಮ್ ಕೂಡ ಕೆಳಗೆ ಹೋಗುತ್ತೆ. ಇದು ಪುಸ್ತಕದಲ್ಲಿ ಇಲ್ದೇ ಇರೋ ವಿಷಯ ಅಲ್ಲ, ನಂಗೆ ಗೊತ್ತಿಲ್ದೇ ಇದ್ದಿದ್ದೂ ಅಲ್ಲ, ಚಿತ್ರ ಚೆನ್ನಾಗಿ ಬಂತು ಅನ್ನೋ ಖುಷೀಲಿ ಮರ್ತೆ. ಮೂರು ದಿನ ಬಿಟ್ಟು ಟಿ-ಪೀಸ್ ಮೇಲೆ ಹಾಕಿ, ಅಂದ್ರೆ ವೆಂಟಿಲೇಟರ್ ಬಿಡಿಸಿ ಟ್ಯೂಬಲ್ಲೇ ಸ್ವಂತ ಉಸಿರಾಡೋಕೆ ಬಿಟ್ಟು, ಅಳೆದಾಗ 0.8 ಸೆಂ.ಮೀ. ಇಳಿಯೋ ದೂರ ಅಳೀಬೇಕು ಅಂದ್ರೆ ಸಪೋರ್ಟ್ ತೆಗೆದು ರೋಗಿ ತಾನೇ ಉಸಿರಾಡುವಾಗ ಅಳೀಬೇಕು, ಬೇರೆ ದಾರಿ ಇಲ್ಲ. ದಪ್ಪ ಆಗೋದು ಹಾಗಲ್ಲ, ಅದು ಮಾಂಸ ತಾನೇ ಬಿಗಿದು ಕೆಲಸ ಮಾಡಿದ್ರೆ ಮಾತ್ರ ಆಗೋದು, ವೆಂಟಿಲೇಟರ್ ಮೇಲಿದ್ದಾಗಲೂ ಸ್ವಲ್ಪ ಮಟ್ಟಿಗೆ ನಂಬಬಹುದು. ಡೆಮೋ ಕೊಟ್ಟೋನು ಈ ವ್ಯತ್ಯಾಸ ಒಂದು ಸಲಾನೂ ಹೇಳಲಿಲ್ಲ, ಆ್ಯಪಲ್ಲೂ ಒಂದು ಸಾಲು ಎಚ್ಚರಿಕೆ ಇಲ್ಲ. ಅಜ್ಜ ಇನ್ನೂ ಹನ್ನೊಂದು ದಿನ ತಗೊಂಡ್ರು, ಕುತ್ತಿಗೇಲಿ ರಂಧ್ರ ಮಾಡ್ಬೇಕಾಯ್ತು, ಕೊನೆಗೆ ನಡ್ಕೊಂಡೇ ಹೋದ್ರು ಅನ್ನೋದು ಸಮಾಧಾನ.

ಹಾಗಂತ ಬರೀ ಬೈಯೋಕೆ ಕೂತಿಲ್ಲ. ಇದಕ್ಕೆ ಕೊಟ್ಟ ದುಡ್ಡು ವಸೂಲಾಗಿದ್ದು ಒಂದು ಕೇಸಲ್ಲಿ ಅಂದ್ರೆ ಕೀಟನಾಶಕದ ಕೇಸಲ್ಲಿ. ಕಾಫಿ ತೋಟ ಇರೋ ಜಿಲ್ಲೇಲಿ ಕಾಂಡಕೊರಕಕ್ಕೆ ಹೊಡೆಯೋ ಔಷಧಿ ಮನೆಮನೇಲಿರುತ್ತೆ, ಹೊಟ್ಟೆಗೆ ಹೋಗಿ ಬರೋರೂ ಇರ್ತಾರೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಅಂದ್ರೆ ಮೊದಲ ದಿನ ಬಾಯಲ್ಲಿ ನೊರೆ, ಬೆವರು, ಸಣ್ಣಗಾದ ಪಾಪೆ, ಅದಕ್ಕೆ ಮದ್ದಾದ ಅಟ್ರೋಪಿನ್ ಸುರಿದ್ರೆ ಅದು ಕಂಟ್ರೋಲಿಗೆ ಬರುತ್ತೆ, ಮನೆಯೋರೆಲ್ಲ ಗೆದ್ವಿ ಅಂತ ಉಸಿರು ಬಿಡ್ತಾರೆ. ಆಟ ಶುರುವಾಗೋದು ಆಮೇಲೆ. 24ರಿಂದ 96 ಗಂಟೆ ಒಳಗೆ ಕುತ್ತಿಗೆ, ಭುಜ, ಉಸಿರಿನ ಮಾಂಸಖಂಡ ಸೋತುಬಿಡ್ತವೆ, ಇಂಟರ್‌ಮೀಡಿಯೇಟ್ ಸಿಂಡ್ರೋಮ್ ಅಂತ, ಶ್ರೀಲಂಕಾದ ಡಾಕ್ಟ್ರುಗಳು 1987ರಲ್ಲಿ ಇದಕ್ಕೆ ಹೆಸರಿಟ್ಟಿದ್ದು. ನಮ್ಮಲ್ಲಿದ್ದ ಹೆಣ್ಣುಮಗಳು ಲೈನ್ ಮನೆಯವಳು (ತೋಟದ ಕೂಲಿಯೋರ ಸಾಲುಮನೆ), ಮೂರನೇ ದಿನ ಕಣ್ಣು ಬಿಟ್ಟು ಪೂರ್ತಿ ಎಚ್ಚರ, ಟ್ಯೂಬ್ ತೆಗೀರಿ ಅಂತ ಕೈಸನ್ನೆ, ಎಕ್ಸ್‌ರೇ ಕ್ಲೀನು, ಆಕ್ಸಿಜನ್ ಕೂಡ ಕಮ್ಮಿ ಸಾಕಿತ್ತು. ಹೊರಗಿಂದ ನೋಡಿದ್ರೆ ತೆಗೆದುಬಿಡೋಣ ಅನ್ಸುತ್ತೆ. ಗದ್ದೆ ನೋಡಿದ್ವಿ, ದಪ್ಪ 2.1 ಮಿಲಿಮೀಟರ್, ಚೆನ್ನಾಗೇ ಇದೆ, ಆದ್ರೆ ಉಸಿರು ಎಳೆದಾಗ ಅಗಲವೇ ಆಗ್ತಿಲ್ಲ, ಚಿತ್ರ ಫ್ರೀಜ್ ಮಾಡಿದ್ದೀನಾ ಅಂತ ನಾನೇ ಬಟನ್ ಚೆಕ್ ಮಾಡ್ದೆ. ಮಾಂಸ ಇದೆ, ನರದಿಂದ ಮಾತು ತಲುಪ್ತಿಲ್ಲ. ಇಲ್ಲಿ ಪರ್ಸೆಂಟ್ ಲೆಕ್ಕವೇ ಬೇಕಾಗ್ಲಿಲ್ಲ, ಕಣ್ಣಿಗೇ ಕಾಣ್ತಿತ್ತು. ದಿನಾ ಬೆಳಿಗ್ಗೆ ಅದೇ ಗೀಟಿನ ಮೇಲೆ ಇಟ್ಟು ನೋಡೋದು. ಆರನೇ ದಿನ ಒಂಚೂರು ಅಲುಗಾಟ, ಒಂಬತ್ತನೇ ದಿನ ಗದ್ದೆ ಚೆನ್ನಾಗಿ ಅಗಲ ಆಗ್ತಿತ್ತು, ಅರ್ಧ ಗಂಟೆ ಸ್ವಂತ ಉಸಿರಿನ ಪರೀಕ್ಷೆ ಪಾಸು, ಹತ್ತನೇ ದಿನ ಟ್ಯೂಬ್ ಹೊರಗೆ. ಅವಳಿಗೂ ದಿನಾ ತೋರಿಸ್ತಿದ್ವಿ, ಟ್ಯಾಬ್ಲೆಟ್ ಕಂಡ ಕೂಡ್ಲೇ ತಾನೇ ಜೋರಾಗಿ ಎಳ್ಯೋಕೆ ನೋಡೋಳು.

ಆದ್ರೆ ಪ್ರಾಮಾಣಿಕವಾಗಿ ಹೇಳ್ಬೇಕು ಅಂದ್ರೆ, ಅದೇ ಮೂರನೇ ದಿನ ಅವಳಿಗೆ ದಿಂಬಿಂದ ತಲೆ ಎತ್ತೋಕೆ ಆಗ್ತಿರ್ಲಿಲ್ಲ, ಅದನ್ನ ನೋಡೋಕೆ ಲಕ್ಷಗಟ್ಟಲೆ ಪ್ರೋಬ್ ಬೇಡ, ನಮ್ಮ ಹಳೇ ಸಿಸ್ಟರ್ ಅದನ್ನ ನನಗಿಂತ ಮುಂಚೆ ಗಮನಿಸಿದ್ರು.

ಇನ್ನೊಂದೆರಡು ಉಪಯೋಗ ಬೇಗ ಹೇಳಿಬಿಡ್ತೀನಿ. ಎದೆಮೂಳೆ ಪಕ್ಕ ಎರಡು ಮೂರನೇ ಪಕ್ಕೆಲುಬಿನ ಸಂದೀಲಿ ಲೀನಿಯರ್ ಇಟ್ರೆ ಅಲ್ಲಿನ ಸಣ್ಣ ಮಾಂಸಖಂಡ ಕಾಣುತ್ತೆ, ಡಯಾಫ್ರಮ್ ಗಟ್ಟಿ ಇದ್ರೆ ಅದು ಸುಮ್ನೆ ಇರುತ್ತೆ, ಡಯಾಫ್ರಮ್ ಸೋತಾಗ ಅದು ಸಹಾಯಕ್ಕೆ ಬಂದು ದಪ್ಪ ಆಗೋಕೆ ಶುರು ಮಾಡುತ್ತೆ. ಹೊಟ್ಟೆ ಪಕ್ಕದ ಮಾಂಸ ನೋಡಿದ್ರೆ ಕೆಮ್ಮೋ ತಾಕತ್ತು ಎಷ್ಟಿದೆ ಅಂತ ಒಂದು ಅಂದಾಜು. ಶ್ವಾಸಕೋಶದಲ್ಲಿ ನೀರು ತುಂಬಿದ್ಯಾ ಅಂತ ನೋಡೋಕೆ ಕಾನ್ವೆಕ್ಸ್ ಭೇಷ್. ಹೃದಯಕ್ಕೆ ಮಾತ್ರ ಈ ಕಾನ್ವೆಕ್ಸ್ ತಲೆ ಸಾಲಲ್ಲ, ಪಕ್ಕೆಲುಬು ಸಂದೀಲಿ ಕೂರಲ್ಲ, ಟ್ಯೂಬ್ ತೆಗೆದ್ಮೇಲೆ ಸೋಲೋರಲ್ಲಿ ಎಷ್ಟೋ ಜನ ಸೋಲೋದು ಹೃದಯದಿಂದ, ಡಯಾಫ್ರಮ್ಮಿಂದ ಅಲ್ಲ, ಹಾಗಾಗಿ ನಿಮ್ಮ ಬಜೆಟ್ ಬಿಟ್ರೆ ಫೇಸ್ಡ್ ಅರೇ (ಪಕ್ಕೆಲುಬಿನ ಸಂದೀಲಿ ಕೂರೋ ಸಣ್ಣ ತಲೆ) ಇರೋದು ತಗೊಳ್ಳಿ.

ಮಳೆಗಾಲ. ಕಕ್ಕಡದಲ್ಲಿ (ಕೊಡಗಿನ ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಎರಡು ದಿನ ಕರೆಂಟಿಲ್ಲ, ಜನರೇಟರಿನ ಡೀಸೆಲ್ ವೆಂಟಿಲೇಟರಿಗೆ ಮೀಸಲು, ಪ್ರೋಬ್ ಬ್ಯಾಟರಿ ಮೇಲೆ ಬಿಟ್ಟು ಬಿಟ್ಟು ಒಟ್ಟು ಒಂದು ಗಂಟೆ ಬಂತು, ಅದು ಪರವಾಗಿಲ್ಲ. ಆದ್ರೆ ಆ್ಯಪ್ ಲಾಗಿನ್ ಕೇಳ್ತು! ಟವರ್ ಬಿದ್ದು ನೆಟ್‌ವರ್ಕ್ ಇಲ್ಲ, ಮಂಗಳೂರು ಕಡೆ ರಸ್ತೆ ಮೇಲೆ ಮಣ್ಣು ಕುಸಿದಿದೆ, ಇದು ನನ್ನ ಪಾಸ್‌ವರ್ಡ್ ಇಂಟರ್ನೆಟ್ಟಲ್ಲಿ ಚೆಕ್ ಮಾಡ್ತೀನಿ ಅಂತ ಕೂತಿದೆ. ಪ್ರೋಬ್ ಒಳಗೇ ಇದೆ, ಟ್ಯಾಬ್ಲೆಟ್ ಕೈಯಲ್ಲೇ ಇದೆ, ಮಧ್ಯ ಒಂದು ಲಾಗಿನ್ ಪೇಜು. ಕಸ್ಟಮರ್ ಕೇರ್‌ಗೆ ಆಮೇಲೆ ಫೋನ್ ಮಾಡಿದ್ರೆ 'ಸರ್ ಮೂವತ್ತು ದಿನಕ್ಕೊಮ್ಮೆ ಆನ್‌ಲೈನ್ ಬರ್ಬೇಕು, ಸೆಟ್ಟಿಂಗ್ಸಲ್ಲಿದೆ' ಅಂದ್ರು, ಸೆಟ್ಟಿಂಗ್ಸಲ್ಲಿ ಎಲ್ಲಿದೆ ಅಂತ ಕೇಳಿದ್ರೆ ಅವರಿಗೂ ಹುಡುಕೋಕೆ ಹತ್ತು ನಿಮಿಷ ಬೇಕಾಯ್ತು. ಈಗ ಜೂನ್ ಶುರುವಾದ್ರೆ ವಾರಕ್ಕೊಂದ್ಸಲ ಲಾಗಿನ್ ಮಾಡೋದು ನಮ್ಮ ಚೆಕ್‌ಲಿಸ್ಟಲ್ಲಿದೆ, ಜನರೇಟರ್ ಡೀಸೆಲ್ ನೋಡೋ ಸಾಲಿನ ಕೆಳಗೆ. ಇಪ್ಪತ್ತು ನಿಮಿಷ ನಿಲ್ಲಿಸದೆ ಬಳಸಿದ್ರೆ ಬಿಸಿಯಾಗಿ ತಾನೇ ಆಫ್ ಆಗುತ್ತೆ, ಡಯಾಫ್ರಮ್‌ಗೆ ಅಷ್ಟು ಹೊತ್ತು ಬೇಡ, ಕಲಿಯೋರಿಗೆ ಮಾತ್ರ ಕಿರಿಕಿರಿ. ಬೂಷ್ಟಿನ ಭಯಕ್ಕೆ ಪ್ರೋಬ್‌ನ ಅಕ್ಕಿ ಡಬ್ಬಿಯಷ್ಟು ದೊಡ್ಡ ಏರ್‌ಟೈಟ್ ಡಬ್ಬದಲ್ಲಿ ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿ ಇಟ್ಟಿದ್ವಿ, ಆದ್ರೂ ಚಾರ್ಜಿಂಗ್ ಸ್ಟ್ಯಾಂಡಿನ ರಬ್ಬರ್ ಮೇಲೆ ಹಸಿರು ಬಂತು.

ವಾರಂಟಿ ಜಗಳ ಏನಂದ್ರೆ ಲೀನಿಯರ್ ತಲೆಯ ಲೆನ್ಸಿನ ಅಂಚು ಆರನೇ ತಿಂಗಳಿಗೆ ಬಿಟ್ಕೊಂಡಿದೆ. ಕೂದಲೆಳೆ ಬಿರುಕು, ಚಿತ್ರ ಸರಿ ಬರುತ್ತೆ, ಆದ್ರೆ ಜೆಲ್ ಒಳಗೆ ಹೋದ್ರೆ ಕಥೆ ಮುಗೀತು, ಇನ್‌ಫೆಕ್ಷನ್ ಲೆಕ್ಕದಲ್ಲೂ ಅದು ಸರಿಯಲ್ಲ. ಅವರು ಸ್ಪಿರಿಟ್ ಹಾಕಿ ಒರೆಸಿದ್ದೀರಿ ಅಂತಾರೆ, ನಾವು ನಿಮ್ಮದೇ ಪುಸ್ತಕದಲ್ಲಿ ಬರೆದ ವೈಪ್ಸ್ ಹಾಕಿದ್ದೀವಿ ಅಂತೀವಿ. ಬೆಂಗಳೂರಿಗೆ ಕಳಿಸಿ ಇಪ್ಪತ್ತೆರಡು ದಿನ ಆಯ್ತು, ಬದಲಿ ಪ್ರೋಬ್ ಕೊಡ್ತೀವಿ ಅಂತ ಮಾರುವಾಗ ಹೇಳಿದ್ದು ಈಗ ಯಾರಿಗೂ ನೆನಪಿಲ್ಲ. ನೀವು ತಗೊಳ್ಳೋದಾದ್ರೆ ಬದಲಿ ಪ್ರೋಬಿನ ಮಾತನ್ನ ಕೊಟೇಶನ್ ಮೇಲೆ ಬರೆಸ್ಕೊಳ್ಳಿ, ಬಾಯಿಮಾತು ಕೇಳ್ಬೇಡಿ.

ನಮಗೆ ಬಿದ್ದಿದ್ದು ಟ್ಯಾಬ್ಲೆಟ್ ಸೇರಿ ಎರಡೂಮುಕ್ಕಾಲು ಲಕ್ಷ. ರಾತ್ರಿ ಹಗಲು ವೆಂಟಿಲೇಟರ್ ನಡೆಸೋ ಸಣ್ಣ ಐಸಿಯುಗೆ, ಅದರಲ್ಲೂ ಹಾವು ಕಡಿತ, ಕೀಟನಾಶಕದ ಕೇಸು ಜಾಸ್ತಿ ನೋಡೋ ಕಡೆ, ತಗೊಳ್ಳಿ ಅಂತೀನಿ. ದೊಡ್ಡ ಮೆಷಿನ್ ಪಕ್ಕದಲ್ಲೇ ಇದ್ದು ಲೀನಿಯರ್ ಪ್ರೋಬ್ ಇದ್ರೆ ಇದಕ್ಕೆ ದುಡ್ಡು ಸುರೀಬೇಡಿ, ಅದರಲ್ಲೇ ಕಲೀಬಹುದು, ಕಲಿಯೋಕೆ ನನಗೆ ಮೂವತ್ತು ನಲವತ್ತು ಜನರನ್ನ ನೋಡ್ಬೇಕಾಯ್ತು. ಐದಕ್ಕೆ ಮೂರೂವರೆ ಸ್ಟಾರ್, ಚಿತ್ರಕ್ಕೆ ನಾಲ್ಕೂವರೆ, ಆ್ಯಪಿಗೆ ಎರಡು, ಸರ್ವಿಸಿಗೆ ಸದ್ಯಕ್ಕೆ ಒಂದು. ಪ್ರೋಬ್ ವಾಪಸ್ ಬಂದ್ರೆ ಸರ್ವಿಸ್ ಮಾರ್ಕ್ಸ್ ತಿದ್ದಿ ಅಪ್‌ಡೇಟ್ ಹಾಕ್ತೀನಿ. ಅಲ್ಲಿವರೆಗೂ ನಾಪೋಕ್ಲು ಸಿಸ್ಟರ್ ದಿನಾ ಕೇಳ್ತಾ ಇದ್ದಾರೆ, ಗದ್ದೆ ಯಾವಾಗ ಬರುತ್ತೆ ಸಾರ್ ಅಂತ.